ಉಸಿರಿದ್ದವನಿಗೆ ಒಪ್ಪಾರಿ ಹಾಡಿದ ಗೋವಿಂದಮ್ಮಾಳ್

ತಮಿಳು ಸೀಮೆಯ ಹನುಮಂತನಪಟ್ಟಿಯಲ್ಲಿ ಗೋವಿಂದಮ್ಮಾಳ್ ಅತ್ತಳೆಂದರೆ ಇಡೀ ಬೀದಿ ಅಳುತ್ತಿತ್ತು, ಅವಳ ಕಣ್ಣು ಮಾತ್ರ ಒಣಗಿಯೇ ಇರುತ್ತಿತ್ತು. ಇದನ್ನು ಯಾರೂ ತಪ್ಪೆಂದು ಎಣಿಸಿದವರಲ್ಲ. ಮದುವೆಮನೆಯ ಅಡುಗೆಯವನು ಹಸಿದುಕೊಂಡೇ ಬೇಯಿಸಬೇಕೆಂದು ಯಾರಾದರೂ ಕೇಳುತ್ತಾರೆಯೇ? ಸಾವಿನ ಮನೆಯಲ್ಲಿ ಒಪ್ಪಾರಿ ಹಾಡುವವಳ ಕೆಲಸವೂ ಹಾಗೆ. ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಬೇಕು. ಸುತ್ತ ಕೂತವರ ಎದೆಯಲ್ಲಿ ಗಂಟುಕಟ್ಟಿದ್ದು ಕಣ್ಣಿಗೆ ಇಳಿದು ಬರಬೇಕು. ಅಷ್ಟಾದರೆ ಕೆಲಸ ಆಯಿತು.

ಅವಳು ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಸಾವಿನ ಮನೆಗೆ ಹೋದರೆ ಮೊದಲು ಹೆಣದ ಬಳಿ ಕೂರುತ್ತಿರಲಿಲ್ಲ, ಅಡುಗೆಮನೆಗೆ ಹೋಗುತ್ತಿದ್ದಳು. ಸತ್ತವನಿಗೆ ಯಾವ ಸಾರು ಇಷ್ಟ, ಯಾವ ಎತ್ತಿನ ಮೇಲೆ ಪ್ರೀತಿ, ಸಿಟ್ಟು ಬಂದರೆ ಏನನ್ನು ಎತ್ತಿ ಎಸೆಯುತ್ತಿದ್ದ, ಎಲ್ಲವನ್ನೂ ಮನೆ ಹೆಂಗಸರ ಬಾಯಿಂದ ಕೇಳಿ ತಿಳಿಯುತ್ತಿದ್ದಳು. "ಒಳ್ಳೇವ್ನಾಗಿದ್ದ ಅಂತ ಎಲ್ರೂ ಹಾಡ್ತಾರೆ. ಅದಕ್ಕೆ ಯಾರ್ ಅಳ್ತಾರೆ? ಮೊಸರಿನ ಕೆನೆ ಕದ್ದು ತಿಂತಿದ್ದ ಅಂತ ಹಾಡು, ಹೆಂಡ್ರು ಕುಸಿದು ಬೀಳ್ತಾಳೆ" ಎನ್ನುವುದು ಅವಳ ಮಾತು. ನಮ್ಮ ಕನ್ನಡದ ಮನೆಗಳಲ್ಲಿ ಕನ್ನಡದಲ್ಲಿ ಹಾಡುತ್ತಿದ್ದಳು, ಬೇರೆ ಬೀದಿಗಳಲ್ಲಿ ತಮಿಳಿನಲ್ಲಿ. ಕೊರಳು ಎಂಥದೆಂದರೆ, ಜಗಲಿಯ ಮೇಲೆ ಕೂತು ಹಾಡಿದರೆ ಕಾಲುವೆಯಾಚೆ ಮೇಯುವ ಎಮ್ಮೆಗಳು ತಲೆ ಎತ್ತುತ್ತಿದ್ದವು. ಉತ್ತಮಪಾಳಯಂ, ಕಂಬಂ ಕಡೆಯಿಂದಲೂ ಆಟೋ ಕಳಿಸಿ ಕರೆಸಿಕೊಳ್ಳುತ್ತಿದ್ದರು.

ಈ ಕೆಲಸಕ್ಕೂ ಕಟ್ಟಳೆಗಳಿವೆ. ಉಸಿರಿರುವ ಜೀವಕ್ಕೆ ಒಪ್ಪಾರಿ ಹಾಡಬಾರದು. ರೋಗಿ ಮಲಗಿರುವ ಮನೆಯೊಳಗೆ ಅದನ್ನು ಗುನುಗಲೂಬಾರದು. ಹಿರಿಯವಳು ಹಾಡು ಎತ್ತಿದಳೋ, ಎರಡನೆಯವಳು ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಹಿಂದೆಯೇ ಹಿಡಿಯಬೇಕು; ಹಾಡು ನಡುದಾರಿಯಲ್ಲಿ ಬಿದ್ದರೆ ಹೋಗುವ ಜೀವಕ್ಕೆ ದಾರಿ ತಪ್ಪುತ್ತದಂತೆ. ಹಿರಿಯವಳು ಬಂದು ಹೊಸಿಲು ದಾಟುವವರೆಗೆ ಉಳಿದವರು ಒಳಗೆ ಹೆಣದ ಹತ್ತಿರ ಹೋಗುವ ಹಾಗಿಲ್ಲ. ಗೋವಿಂದಮ್ಮಾಳಿನ ಹಿಂದೆ ಹಾಡು ಹಿಡಿಯುತ್ತಿದ್ದವಳು ಅವಳ ನಾದಿನಿ ತಂಗಮ್ಮಾಳ್. ಇವಳಿಗೆ ಕೊರಳು ಅಷ್ಟಕ್ಕಷ್ಟೆ, ಎದೆ ಬಡಿದುಕೊಳ್ಳುವುದರಲ್ಲಿ ಮಾತ್ರ ಎತ್ತಿದ ಕೈ.

ಗೋವಿಂದಮ್ಮಾಳಿನ ಗಂಡ ಅಳಗರ್‌ಗೆ ದ್ರಾಕ್ಷಿ ತೋಟ ಇತ್ತು, ಅದಕ್ಕಿಂತ ಹೆಚ್ಚಾಗಿ ಮೀಸೆ ಇತ್ತು. ಎರಡು ಕಡೆಯೂ ಕೆನ್ನೆ ಹತ್ತಿ ಕಿವಿಯ ಹತ್ತಿರ ಹೋಗಿ ಏನೋ ಗುಟ್ಟು ಹೇಳುವಂಥ ಮೀಸೆ. ತೋಟಕ್ಕೆ ದಿನಕ್ಕೊಮ್ಮೆ ನೀರು, ಮೀಸೆಗೆ ಎರಡು ಸಲ ಎಣ್ಣೆ.

ಕಳೆದ ಸುಗ್ಗಿಯ ಹೊತ್ತಿಗೆ ಅವನ ಹೊಟ್ಟೆಯಲ್ಲಿ ಕ್ಯಾನ್ಸರ್ ಗೆಡ್ಡೆ ಕಾಣಿಸಿತು. ಮದುರೆಯ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಆಮೇಲೆ ಕೈನರದಲ್ಲಿ ಮದ್ದು ಏರಿಸಲು ಶುರುಮಾಡಿದರು. ತಲೆಗೂದಲು ಉದುರಿತು. "ಪಳನಿ ಮುರುಗನಿಗೆ ಮುಡಿ ಕೊಟ್ಟಂಗಾಯ್ತು ಬುಡು" ಎಂದು ನಕ್ಕ. ಹುಬ್ಬು ಉದುರಿತು. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಎಣ್ಣೆ ಹಚ್ಚಲು ಬೆರಳಿಟ್ಟರೆ, ಎಡಗಡೆಯ ಮೀಸೆ ಬೆರಳಿನ ಜೊತೆಗೇ ಬಂದುಬಿಟ್ಟಿತು. ಬಲಗಡೆಯದು ಮಧ್ಯಾಹ್ನದವರೆಗೆ ಕಾಯಿತು, ಅಷ್ಟೆ.

ಅಂದಿನಿಂದ ಅಳಗರ್ ಮೂಗಿನ ಕೆಳಗೆ ಟವಲ್ಲು ಕಟ್ಟಿ ಒಳಕೋಣೆ ಸೇರಿದ. ಹೊಸಿಲು ದಾಟಲಿಲ್ಲ. ಇನ್ನೂ ಎರಡು ಸಲ ಮದ್ದು ಏರಿಸುವುದು ಬಾಕಿ ಇತ್ತು. ನಡುವೆ ಬಿಟ್ಟರೆ ಮಾಡಿದ್ದೆಲ್ಲ ನೀರಪಾಲು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಬುಧವಾರ ಬೆಳಿಗ್ಗೆ ಮದುರೆಗೆ ಹೋಗಬೇಕಿತ್ತು.

"ಬಸ್‌ಸ್ಟಾಂಡಲ್ಲಿ ನಿಂತ್ಕೊಂಡ್ರೆ ಊರೇ ನೋಡ್ತದೆ. ಈ ಮೂತಿ ಇಟ್ಕೊಂಡು ನಾನ್ ಬರಲ್ಲ" ಎಂದ ಅಳಗರ್.

"ಮಾವಾ, ಮೀಸೆ ಆಮ್ಯಾಕೆ ಬತ್ತದೆ. ಜೀವ ಹೋದ್ರೆ ಬತ್ತದಾ?" ಎಂದಳು ಗೋವಿಂದಮ್ಮಾಳ್. ಅವನು ಅವಳ ಸೋದರಮಾವನ ಮಗ. ಮದುವೆಯಾದಂದಿನಿಂದ ಮಾವಾ ಎಂದೇ ಕರೆಯುವುದು.

"ಜೀವ ಯಾರ್ ಕಣ್ಣಿಗೆ ಕಾಣ್ತದೆ? ಮೀಸೆ ಕಾಣ್ತದೆ."

ಅವಳು ಕಾಡಿಗೆಯಲ್ಲಿ ಮೀಸೆ ಬರೆದು ನೋಡಿದಳು. ಬೆವರಿಗೆ ಅದು ಗದ್ದಕ್ಕೆ ಇಳಿದು ಮೀಸೆಯ ಬದಲು ಗಡ್ಡವಾಯಿತು. ತಂಗಮ್ಮಾಳ್ ನಾಟಕದವರ ಬಳಿ ಕೇಳಿ ಒಂದು ಅಂಟಿಸುವ ಮೀಸೆ ತಂದಳು. ಅದು ರಾಕ್ಷಸನ ವೇಷದ್ದು. ಅಳಗರ್ ಒಂದು ಸೀನು ಸೀನಿದ್ದಕ್ಕೆ ಹಾರಿಹೋಗಿ ಟಿವಿಯ ಮೇಲೆ ಕೂತಿತು. ಬೆಕ್ಕು ಅದನ್ನು ಇಲಿಯೆಂದು ಹೊತ್ತುಕೊಂಡು ಹೋಯಿತು. ಅಷ್ಟಕ್ಕೆ ಉಪಾಯಗಳೆಲ್ಲ ಮುಗಿದವು.

ಇತ್ತ ಗೋವಿಂದಮ್ಮಾಳಿಗೆ ಬೇರೆಯೇ ತಾಪತ್ರಯ. ಸಾವಿನ ಮನೆಗೆ ಹೋಗಿ ಬಂದವಳು ರೋಗಿಯ ಹತ್ತಿರ ಸುಳಿಯಬಾರದೆಂದು ಊರವರು ಅವಳನ್ನು ಕರೆಯುವುದನ್ನೇ ಬಿಟ್ಟಿದ್ದರು. ಮನೆಯೊಳಗೆ ಗುನುಗುವ ಹಾಗೂ ಇಲ್ಲ. ಆದರೆ ಹಾಡು ಕಟ್ಟಿ ರೂಢಿಯಾದ ಬಾಯಿ ಸುಮ್ಮನಿರುತ್ತದೆಯೇ? ಚಟ್ನಿ ರುಬ್ಬುವಾಗ, ಗಂಡನ ಬೆನ್ನು ತಿಕ್ಕುವಾಗ ಒಂದೊಂದು ಸಾಲು ಗಂಟಲಿಗೆ ಬರುತ್ತಿತ್ತು. ಅವಳು ಅದನ್ನು ನುಂಗುತ್ತಿದ್ದಳು. ನುಂಗಿದಾಗಲೆಲ್ಲ ಬಿಕ್ಕಳಿಕೆ ಹಿಡಿಯುತ್ತಿತ್ತು. ಸಣ್ಣಪುಟ್ಟ ಬಿಕ್ಕಳಿಕೆಯಲ್ಲ, ಕಂಚಿನ ಚೊಂಬು ಮೆಟ್ಟಿಲಿಳಿದ ಹಾಗೆ. ನೀರು ಕುಡಿದಳು, ಸಕ್ಕರೆ ತಿಂದಳು, ತಂಗಮ್ಮಾಳ್ ಹಿಂದಿನಿಂದ ಬಂದು ಹೆದರಿಸಿದಳು. ಯಾವುದಕ್ಕೂ ಜಗ್ಗಲಿಲ್ಲ.

ಹೀಗಿರುವಾಗ ಮಂಗಳವಾರ ಬೆಳಿಗ್ಗೆ ಮನೆಯ ಮುಂದೆ ಇಬ್ಬರು ಬಂದು ನಿಂತರು.

ಒಬ್ಬಳು ಯುವಶ್ರೀ. ನಮ್ಮವರದೇ ಹುಡುಗಿ, ದಿಂಡಿಗಲ್ಲಿನಲ್ಲಿ ಹುಟ್ಟಿ ಬೆಳೆದವಳು, ಅವಳ ಅಪ್ಪನಿಗೆ ಬೀಗದ ಅಂಗಡಿ. ಕಾಲೇಜಿನಲ್ಲಿ ಮನಸ್ಸಿನ ವಿಚಾರ ಓದುತ್ತಿದ್ದಳು. ಇನ್ನೊಬ್ಬರು ಅವಳಿಗೆ ಪಾಠ ಹೇಳುವ ಪ್ರೇಮ್‌ಕುಮಾರ್. ಸಣಕಲು ಮನುಷ್ಯ, ಯಾರು ಏನು ಹೇಳಿದರೂ ತಲೆಯಾಡಿಸುವ ಅಭ್ಯಾಸ. ಕೋಳಿ ಕೂಗಿದರೂ ಹೌದು ಹೌದು ಎನ್ನುವ ಹಾಗೆ ತಲೆಯಾಡಿಸುವರು. ಕ್ಯಾನ್ಸರ್ ಬಂದವರ ಮನಸ್ಸಿಗೂ ಅವರನ್ನು ನೋಡಿಕೊಳ್ಳುವ ಮನೆಯವರ ಮನಸ್ಸಿಗೂ ಯಾವ ರೀತಿ ಆಸರೆ ಕೊಡಬಹುದು ಎಂದು ಅವರಿಬ್ಬರೂ ಊರೂರು ತಿರುಗಿ ಅಧ್ಯಯನ ಮಾಡುತ್ತಿದ್ದರು. ಬರಬಹುದೇ ಎಂದು ಮೊದಲೇ ಫೋನಿನಲ್ಲಿ ಕೇಳಿದ್ದರು. ಬನ್ನಿ ಎಂದಿದ್ದಳು ಗೋವಿಂದಮ್ಮಾಳ್, ಕಾಪಿಗೆ ಹಾಲು ತೆಗೆದಿಟ್ಟಿದ್ದಳು.

ಯುವಶ್ರೀಗೆ ಮನೆಮಾತು ಕೇಳಿದರೆ ಎಲ್ಲ ತಿಳಿಯುತ್ತಿತ್ತು, ಆಡಲು ಹೋದರೆ ಮಾತ್ರ ಕಾಲು ಮುರಿದ ಮಂಚದ ಹಾಗೆ ಒಂದು ಕಡೆಗೆ ವಾಲುತ್ತಿತ್ತು.

"ಅಜ್ಜೀ, ನಾವು... ನಿಂ ಮನಸ್ಸ... ಕೇಳಕ್ಕೆ ಬಂದ್ವಿ" ಎಂದಳು.

"ಕೇಳ್ರೀ ತಾಯೀ. ಮೊದ್ಲು ಕಾಪಿ ಕುಡೀರಿ. ಬಿಕ್!"

ಮೇಷ್ಟರು ಒಳಕೋಣೆಯ ಕಡೆ ತಿರುಗಿ ತಮಿಳಿನಲ್ಲಿ ಮೆಲ್ಲಗೆ ಕೇಳಿದರು, "ಅಯ್ಯಾ, ಹೇಗಿದ್ದೀರಿ?"

ಬಾಗಿಲ ಸಂದಿಯಲ್ಲಿ ಟವಲ್ಲು ಕಟ್ಟಿದ ಅರ್ಧ ಮುಖ ಕಂಡಿತು. "ನಂಗೇನಾಗೈತೆ? ಚೆನ್ನಾಗಿವ್ನಿ. ಅವಳ್ನ ಕೇಳಿ. ಬೆಳಿಗ್ಗಿಂದ ಕಪ್ಪೆ ಥರ ಕೂಗ್ತಾವ್ಳೆ."

"ನಂಗೇನಿಲ್ಲ ಸಾಮಿ. ಬಿಕ್! ಅವರ್ನ ಕೇಳಿ" ಎಂದಳು ಗೋವಿಂದಮ್ಮಾಳ್.

ಮೇಷ್ಟರು ಇಬ್ಬರಿಗೂ ತಲೆಯಾಡಿಸಿದರು. ಯುವಶ್ರೀ ಚೀಲದಿಂದ ಒಂದು ರಟ್ಟು ತೆಗೆದಳು. ಅದರಲ್ಲಿ ಸಾಲಾಗಿ ದುಂಡನೆಯ ಮುಖಗಳಿದ್ದವು. ಒಂದು ಕಡೆ ನಗುವ ಮುಖ, ಹೋಗುತ್ತ ಹೋಗುತ್ತ ಅಳುವ ಮುಖ.

"ಅಜ್ಜೀ, ನಿಂ ಮನಸ್ಸು ಇದ್ರಲ್ಲಿ ಯಾವ ಮುಖ?"

ಗೋವಿಂದಮ್ಮಾಳ್ ರಟ್ಟನ್ನು ಬೆಳಕಿಗೆ ಹಿಡಿದು ಒಂದೊಂದನ್ನೂ ತಾಳ್ಮೆಯಿಂದ ನೋಡಿದಳು. "ಯಾವ್ದಕ್ಕೂ ಮೂಗಿಲ್ವಲ್ಲ ತಾಯೀ? ನಾನ್ ಮೂಗುತಿ ಎಲ್ಲಿಗ್ ಹಾಕ್ಲಿ?"

ಒಳಗಿನಿಂದ ದನಿ ಬಂತು, "ಮೀಸೆ ಐತಾ ಯಾವ್ದಕ್ಕಾರಾ?"

"ಇಲ್ಲ ಮಾವಾ, ಎಲ್ಲಾ ಬೋಳು."

"ಹಂಗಾದ್ರೆ ಎಲ್ಲಾ ನನ್ನವೇ."

ಯುವಶ್ರೀ ಇದನ್ನು ತಮಿಳಿನಲ್ಲಿ ಹೇಳಿದಾಗ ಮೇಷ್ಟರಿಗೆ ನಗು ತಡೆಯಲಾಗದೆ ಕಾಪಿ ಮೂಗಿಗೇರಿತು. ಒರೆಸಿಕೊಂಡು ರಟ್ಟನ್ನು ಚೀಲಕ್ಕೆ ಹಾಕಿಸಿದರು. ಆಮೇಲೆ ಗೋವಿಂದಮ್ಮಾಳಿಗೆ ಹೇಳಿದರು, "ಅಮ್ಮಾ, ಮುಖ ಬೇಡ, ಲೆಕ್ಕ ಬೇಡ. ಒಳಗೆ ಏನೋ ಅಡ್ಡ ನಿಂತಿದೆ ಅಂತ ನನಗೆ ಕಾಣುತ್ತೆ. ನಿಮಗೆ ರೂಢಿ ಇರುವ ರೀತಿಯಲ್ಲೇ ಅದನ್ನು ಹೊರಗೆ ಬಿಡಿ. ನಾವು ಸುಮ್ಮನೆ ಕೂತು ಕೇಳುತ್ತೇವೆ."

"ನಂಗೆ ರೂಢಿ ಇರೋ ರೀತೀಲಾ?"

"ಅದೇ ರೀತಿಯಲ್ಲಿ."

"ಪೂರ್ತಿನಾ?"

ಮೇಷ್ಟರು ತಲೆಯಾಡಿಸಿದರು. ಆ ರೀತಿ ಯಾವುದೆಂದು ಅವರಿಗೂ ಗೊತ್ತಿರಲಿಲ್ಲ, ಕೇಳಿದರೆ ಮಾತು ನಿಂತೀತೆಂದು ಕೇಳಲೂ ಇಲ್ಲ.

ಗೋವಿಂದಮ್ಮಾಳ್ ಕೂತಲ್ಲೇ ಯೋಚಿಸಿದಳು. ಮನೆಯೊಳಗೆ ಆಗದು. ಆದರೆ ತೋಟ ಮನೆಯಲ್ಲ. ಉಸಿರಿರುವ ಜೀವಕ್ಕೆ ಹಾಡಬಾರದು. ಆದರೆ ತೋಟದ ಮೂಲೆಯಲ್ಲಿ ಒಂದು ಹಳೆಯ ದ್ರಾಕ್ಷಿ ಬಳ್ಳಿ ಬುಡದವರೆಗೂ ಒಣಗಿ ನಿಂತಿತ್ತು. ಅದಕ್ಕೆ ಉಸಿರೇ ಇಲ್ಲ. ಸತ್ತ ಬಳ್ಳಿಗೆ ಹಾಡಿದರೆ ಯಾವ ಕಟ್ಟಳೆ ಮುರಿಯುತ್ತದೆ? ಯಾವ ದಿಕ್ಕಿನಿಂದ ನೋಡಿದರೂ ತಪ್ಪು ಕಾಣಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಮಾವಾ, ತೋಟಕ್ಕೆ ಹೋಗ್ಬತ್ತೀನಿ. ಮೊಸರನ್ನ ಮುಚ್ಚಿಟ್ಟಿವ್ನಿ. ಬಿಕ್!" ಎಂದು ಹೇಳಿ, ಇಬ್ಬರನ್ನೂ ಕರೆದುಕೊಂಡು ಹೊರಟಳು.

ಚಪ್ಪರದ ಕೆಳಗೆ ನೆರಳಿತ್ತು. ಒಣಗಿದ ಬಳ್ಳಿಯ ಮುಂದೆ ಗೋವಿಂದಮ್ಮಾಳ್ ಕಾಲು ನೀಡಿ ಕೂತಳು, ಬಳ್ಳಿಯ ಬುಡ ಸವರಿದಳು, ಕೊರಳು ಸರಿಮಾಡಿಕೊಂಡಳು. ಯುವಶ್ರೀ ಕೇಳಿ ಒಪ್ಪಿಗೆ ಪಡೆದು ಫೋನು ಆನ್ ಮಾಡಿ ಇಟ್ಟಳು. ಆಮೇಲೆ ಎಷ್ಟೋ ತಿಂಗಳಿಂದ ಮುಚ್ಚಿದ್ದ ಬಾಯಿ ತೆರೆಯಿತು.

ಚಪ್ಪರದ್ ತುಂಬ ಹಬ್ಬಿ ನೆಳ್ಳು ಕೊಟ್ಟ ಬಳ್ಳಿಯೇ,
ಎಲೆ ಉದುರ್ಸಿ ನಿಂತ್ಕೊಂಡ್ಯಲ್ಲೋ ನನ್ನ ರಾಸಾವೇ!

ಚಪ್ಪರದ ಮೇಲಿದ್ದ ಗಿಳಿಗಳೆಲ್ಲ ಒಮ್ಮೆಗೇ ಎದ್ದು ಹಾರಿದವು. ಮೇಷ್ಟರು ಕೂತಲ್ಲಿಂದ ಒಂದು ಗೇಣು ಹಿಂದಕ್ಕೆ ಜರುಗಿದರು. ಮೊದಲ ಸಾಲುಗಳು ಬಳ್ಳಿಯ ಮೇಲೆಯೇ ಇದ್ದವು, ಅದರಲ್ಲಿ ಅನುಮಾನವಿಲ್ಲ. ಆದರೆ ಹೋಗುತ್ತ ಹೋಗುತ್ತ ಬಳ್ಳಿಗೆ ಮೀಸೆ ಬಂತು.

ನಿಂಬೆಹಣ್ಣು ನಿಲ್ಲೋ ಮೀಸೆ ನೀರಿಗ್ ಬಿಟ್ಯಲ್ಲೋ,
ಟವಲ್ಲಾಗೆ ಮುಖವ ಮುಚ್ಚಿ ಮೂಲೆ ಸೇರ್ದ್ಯಲ್ಲೋ!
ಮದುರೆ ಬಸ್ಸು ಬಂದು ಬಂದು ಪೇಂ ಪೇಂ ಅಂತೈತೆ,
ಏರೋ ಕಾಲು ಹೊಸ್ಲು ದಾಟ್ದೆ ಒಳಗೇ ಕುಂತೈತೆ!

ಬಿಕ್ಕಳಿಕೆ ನಿಂತಿತ್ತು. ಅದು ನಿಂತದ್ದು ಅವಳಿಗೆ ತಿಳಿಯಲಿಲ್ಲ. ಕೆನ್ನೆ ಒದ್ದೆಯಾಗಿತ್ತು, ಬಳ್ಳಿಗೆ ಹೊಡೆದ ಔಷಧಿ ಕಣ್ಣಿಗೆ ಬಿತ್ತೆಂದುಕೊಂಡು ಸೆರಗಿನಿಂದ ಒರೆಸಿಕೊಂಡಳು. ಮತ್ತೆ ಒದ್ದೆಯಾಯಿತು. ಮತ್ತೆ ಒರೆಸಿಕೊಂಡಳು. ಒರೆಸುತ್ತಲೇ ಹಾಡಿದಳು. ಯುವಶ್ರೀಯೂ ಅಳುತ್ತಿದ್ದಳು, ಮೇಷ್ಟರು ತಲೆಯಾಡಿಸುತ್ತಲೇ ಅಳುತ್ತಿದ್ದರು.

ಆ ಹೊತ್ತಿಗೆ ತಂಗಮ್ಮಾಳ್ ಕಾಲುವೆಯಲ್ಲಿ ರಗ್ಗು ಒಗೆಯುತ್ತಿದ್ದಳು. ಅತ್ತಿಗೆಯ ಕೊರಳು ಕಿವಿಗೆ ಬಿತ್ತು. ಮೀಸೆ ಎಂದದ್ದೂ ಟವಲ್ಲು ಎಂದದ್ದೂ ಬಿತ್ತು. ರಗ್ಗನ್ನು ನೀರಿಗೆ ಬಿಟ್ಟು, "ಅಣ್ಣೋ! ಹೋಗ್ಬುಟ್ಯಾ!" ಎಂದು ಹಾಡನ್ನು ಹಿಂದಿನಿಂದ ಹಿಡಿದು, ಎದೆ ಬಡಿದುಕೊಳ್ಳುತ್ತ ಊರೊಳಗೆ ಓಡಿದಳು. ಊರಲ್ಲಿ ಯಾರು ಸತ್ತರೂ ಶಂಖ ಊದಿ ಸಾರುವ ಕಾಮರಾಜ್ ಟೀ ಅಂಗಡಿಯ ಬೆಂಚಿನಲ್ಲಿದ್ದ. ಹಿರಿಯವಳು ಎತ್ತಿದ್ದಾಳೆ, ಕಿರಿಯವಳು ಹಿಡಿದಿದ್ದಾಳೆ. ಇನ್ನು ಯಾರನ್ನು ಕೇಳಬೇಕು? ಮನೆಗೆ ಹೋಗಿ ಶಂಖ ತಂದು ಊದಿದ.

ಶಂಖದ ದನಿ ತೋಟಕ್ಕೆ ಕೇಳಿಸಿದಾಗ ಗೋವಿಂದಮ್ಮಾಳ್ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದಳು.

"ಅಯ್ಯಯ್ಯೋ! ಊರಲ್ಲಿ ಯಾರೋ ಹೋದ್ರು!" ಎಂದು ದಡಕ್ಕನೆ ಎದ್ದಳು. "ನಾನಿಲ್ಲಿ ಹೆಣ ಇಲ್ದೆ ಹಾಡಿದ್ದಕ್ಕೆ ಯಾರ್ನೋ ಕರ್ಕೊಂಡ್ನಲ್ಲಪ್ಪಾ ಯಮ. ಬಾ ತಾಯೀ, ನಾನ್ ಹೋಗ್ಬೇಕು."

"ಯಾರು ಅಜ್ಜೀ?"

"ಹೋಗಿ ಕೇಳ್ಬೇಕು. ಕೇಳ್ದೆ ಹಾಡಕ್ಕಾಯ್ತದಾ?"

ಬಿರಬಿರನೆ ನಡೆದಳು. ಹಿಂದೆ ಯುವಶ್ರೀ, ಅವಳ ಹಿಂದೆ ಕಣ್ಣೊರೆಸುತ್ತ ಮೇಷ್ಟರು. ಟೀ ಅಂಗಡಿಯವನು ಒಲೆ ಆರಿಸಿ, ಬೆಂಚುಗಳನ್ನು ತಲೆಯ ಮೇಲೆ ಹೊತ್ತು ಹೊರಟಿದ್ದ. ಗೋವಿಂದಮ್ಮಾಳನ್ನು ಕಂಡದ್ದೇ ಬೆಂಚು ಇಳಿಸಿ ಕೈ ಮುಗಿದ.

"ಧೈರ್ಯ ತಗೋ ಅಕ್ಕಾ."

"ನಾನ್ ತಗೊಂಡಿವ್ನಿ. ಹೋದ್ದು ಯಾರು?"

ಅವನು ಯುವಶ್ರೀಯ ಕಿವಿಯಲ್ಲಿ, "ಬುದ್ದಿ ಕದ್ಲೈತೆ. ಕೈ ಹಿಡ್ಕೊಂಡ್ ಹೋಗಮ್ಮಾ" ಎಂದ. ಅಳುತ್ತಿದ್ದ ಮೇಷ್ಟರನ್ನು ನೆಂಟರೆಂದುಕೊಂಡು, ಸಾವಾದ ಮನೆಯ ಗಂಡಸರಿಗೆ ಹಾಕುವ ಹಾಗೆ ತಲೆಗೆ ತನ್ನ ಟವಲ್ಲು ಹಾಕಿ, ಅಳಿಯಂದಿರೇ ಎಂದು ತಬ್ಬಿಕೊಂಡ. ಮೇಷ್ಟರು ತಲೆಯಾಡಿಸಿದರು.

ಬೀದಿಯ ತಿರುವಿನಲ್ಲಿ ನಾಲ್ಕಾರು ಹೆಂಗಸರು ಎದುರಾಗಿ ಗೋವಿಂದಮ್ಮಾಳನ್ನು ಅಪ್ಪಿಕೊಂಡು ಗೊಳೋ ಎಂದರು. ಅವಳಿಗೆ ಹೊತ್ತಾಗುತ್ತಿತ್ತು. ಅಲ್ಲೇ ತನ್ನ ಕೆಲಸ ಶುರುಮಾಡಿದಳು.

"ಅಳೋದು ಆಮ್ಯಾಕೆ. ಮೊದ್ಲು ಹೇಳ್ರೀ, ಆ ಜೀವಕ್ಕೆ ತಿನ್ನಕ್ಕೆ ಏನಿಷ್ಟ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಬಿಕ್ಕುತ್ತ, "ಮೊಸರನ್ನ ಅಂದ್ರೆ ಪ್ರಾಣ ಅಲ್ವಾ ಅಕ್ಕಾ" ಎಂದಳು.

"ಪಾಪ! ನಮ್ಮವ್ರಿಗೂ ಅದೇ. ಹೊಲ ಗದ್ದೆ?"

"ದ್ರಾಕ್ಷಿ ತೋಟ."

"ನಮ್ಮ ಥರವೇ. ಕಾಯಿಲೆ ಏನಿತ್ತು?"

"ಹೊಟ್ಟೇಲಿ ಗೆಡ್ಡೆ."

"ಅಯ್ಯೋ ಸಿವನೇ, ಅದೂ ನಮ್ಮ ಥರವೇ. ಗುರುತು ಹೇಳ್ರೀ, ನೋಡಕ್ಕೆ ಹೆಂಗಿದ್ರು?"

"ಹೆಂಗಿದ್ರಾ? ಆ ಮೀಸೆ ಈ ಕಣಿವೇಲಿ ಇನ್ಯಾರಿಗೈತೆ ಅಕ್ಕಾ?"

ಗೋವಿಂದಮ್ಮಾಳಿನ ಕಾಲು ಅಲ್ಲೇ ನಿಂತಿತು. ಬಳ್ಳಿಗೆಂದು ಹಾಡಿದ್ದು ಅವನಿಗೇ ಹೋಗಿ ತಾಗಿತೇ? ಮೊಸರನ್ನ ಮುಚ್ಚಿಟ್ಟು ಬಂದ ಮೇಲೆ ಒಂದು ಗಳಿಗೆಯೂ ತಡೆಯಲಾಗಲಿಲ್ಲವೇ? ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಓಡಿದಳು. ಆ ವಯಸ್ಸಿನಲ್ಲಿ ಅವಳು ಹಾಗೆ ಓಡಿದ್ದನ್ನು ಕಂಡವರಿಲ್ಲ. ಎದುರಿಗೆ ಬಂದ ಒಂದು ಆಡು ತಾನಾಗಿಯೇ ಜಗಲಿ ಹತ್ತಿ ದಾರಿ ಬಿಟ್ಟಿತು.

ಮನೆಯ ಮುಂದೆ ಊರಿಗೆ ಊರೇ ಸೇರಿತ್ತು. ಬೆಂಚು ಬಂದಿತ್ತು, ತಗಡಿನ ಕುರ್ಚಿ ಬಂದಿತ್ತು, ಅಕ್ಕಿ ಬೇಳೆ ಬಂದಿತ್ತು. ತಂಗಮ್ಮಾಳ್ ಹೊಸಿಲಿನ ಹೊರಗೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಹಿರಿಯ ಹಾಡುಗಾರ್ತಿ ಬಂದು ಹೊಸಿಲು ದಾಟಬೇಕೆಂಬ ಕಟ್ಟಳೆ ಇದ್ದುದರಿಂದ ಇಷ್ಟು ಜನರಲ್ಲಿ ಒಬ್ಬನೂ ಒಳಗೆ ಹೋಗಿ ನೋಡಿರಲಿಲ್ಲ.

ಗೋವಿಂದಮ್ಮಾಳ್ ಜನರ ಹಿಂದೆ ಬಂದು ನಿಲ್ಲುವುದಕ್ಕೂ ಒಳಗಿನಿಂದ ಬಾಗಿಲು ಕಿತ್ತು ಬರುವ ಹಾಗೆ ತೆರೆಯುವುದಕ್ಕೂ ಸರಿಹೋಯಿತು. ಅಳಗರ್ ಹೊರಗೆ ಬಂದ. ಟವಲ್ಲು ಇರಲಿಲ್ಲ. ಮೊಸರನ್ನದ ಕೈ ತೊಳೆದಿರಲಿಲ್ಲ. ಮೊಟ್ಟೆಯಂಥ ಮುಖವನ್ನು ಊರಿಗೆಲ್ಲ ತೋರಿಸುತ್ತ, ಬೆಂಚಿನ ಮೇಲೆ ಬಿದ್ದು ಕೂಗಿಕೊಂಡ.

"ಗೋಯಿಂದೀ! ನನ್ನ ಬುಟ್ಟು ಹೋಗ್ಬುಟ್ಯೇನೇ!"

ನಡೆದದ್ದಿಷ್ಟು. ಅವನು ಟಿವಿ ನೋಡುತ್ತ ಉಣ್ಣುತ್ತಿದ್ದ. ಹೊಸಿಲಿನಲ್ಲಿ ತಂಗಿ ಬಂದು ಹೋಗ್ಬುಟ್ಯಾ ಎಂದು ಅಳುತ್ತಾಳೆ. ಹೊರಗೆ ಶಂಖ. ತಾನಂತೂ ಸತ್ತಿಲ್ಲ, ಬಾಯಲ್ಲಿ ಮೊಸರನ್ನ ಇದೆ. ಮನೆಯಲ್ಲಿ ಇನ್ನಿರುವವಳು ಒಬ್ಬಳೇ, ಅವಳು ಬೆಳಗಿನಿಂದ ಬಿಕ್ಕಳಿಸುತ್ತಿದ್ದಳು. ಬಿಕ್ಕಳಿಕೆ ಹೆಚ್ಚಾಗಿ ತೋಟದಲ್ಲೇ ಹೋಗಿಬಿಟ್ಟಳು ಎಂದು ಅವನ ಲೆಕ್ಕ.

ಸತ್ತವನು ಎದ್ದು ಬಂದದ್ದನ್ನು ಕಂಡು ಮುಂದಿನವರು ಹಿಂದಿನವರ ಕಾಲು ತುಳಿದರು. ಕಾಮರಾಜ್ ಊದುತ್ತಿದ್ದ ಶಂಖದಿಂದ ಕರು ಕೂಗಿದಂಥ ಒಂದು ದನಿ ಬಂದು ನಿಂತಿತು. ತಂಗಮ್ಮಾಳ್ ಎದೆ ಬಡಿಯಲು ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡಳು. ಅಳಗರ್ ಯಾರನ್ನೂ ನೋಡಲಿಲ್ಲ. ಅವನು ಹಾಡಲು ಶುರುಮಾಡಿದ್ದ.

ಗಂಡಸರು ಒಪ್ಪಾರಿ ಹಾಡುವುದಿಲ್ಲ. ಏಕೆ ಹಾಡುವುದಿಲ್ಲ ಎಂಬುದು ಅಂದು ಎಲ್ಲರಿಗೂ ತಿಳಿಯಿತು.

"ಬಿಸ್ನೀರ್ ಯಾರೇ ಕಾಯ್ಸ್ತಾರೆ! ಮಾತ್ರೆ ಯಾವ್ದು ಕೆಂಪು ಯಾವ್ದು ಬಿಳೀದು ಅಂತ ಯಾರೇ ಹೇಳ್ತಾರೆ! ರಿಮೋಟು ಎಲ್ಲಿಟ್ಟೆ ಅಂತಾನೂ ಹೇಳ್ದೆ ಹೋದ್ಯಲ್ಲೇ! ಕಾಡ್ಗೇಲಿ ಮೀಸೆ ಬರ್ದ ಕೈ ಕಣೇ ಅದು! ಎದ್ ಬಾರೇ ಗೋಯಿಂದೀ! ನಾಳೆ ಮದುರೆಗೆ ಬತ್ತೀನಿ. ನೀನ್ ಎಷ್ಟ್ ಸಲ ಕರದ್ರೂ ಬತ್ತೀನಿ. ಮೀಸೆ ಹಾಳಾಗ್ ಹೋಗ್ಲಿ, ಹಿಂಗೇ ಬತ್ತೀನಿ!"

ಗೋವಿಂದಮ್ಮಾಳ್ ಜನರ ಹಿಂದೆ ನಿಂತು ಕೇಳುತ್ತಿದ್ದಳು. ಹಾಡನ್ನು ನಡುವೆ ಕಡಿಯಬಾರದಲ್ಲ. ರಾಗ ಇಲ್ಲ, ಪ್ರಾಸ ಇಲ್ಲ, ಉಸಿರು ತೆಗೆಯುವ ಜಾಗ ತಪ್ಪು. ಆದರೂ ಕೆನ್ನೆ ಒದ್ದೆಯಾಯಿತು. ಇಲ್ಲಿ ಬಳ್ಳಿಯ ಔಷಧಿ ಇರಲಿಲ್ಲ.

ಅವನು ಕೆಮ್ಮಿ ನಿಲ್ಲಿಸಿದ ಮೇಲೆ ಅವಳು ಮುಂದೆ ಬಂದಳು.

"ರಿಮೋಟು ದಿಂಬಿನಡಿ ಐತೆ" ಎಂದಳು.

ಅಳಗರ್ ತಲೆ ಎತ್ತಿದ. "ನೀನ್ ಸತ್ತಿಲ್ವಾ?"

"ನೀನ್ ಸತ್ತಿಲ್ವಾ?"

"ನಾನ್ ಉಣ್ತಿದ್ದೆ!"

ಆಗ ಅವನಿಗೆ ಸುತ್ತಲಿನ ಜನ ಕಂಡರು. ಕೈ ಮೂಗಿನ ಕೆಳಗೆ ಹೋಯಿತು. ಬೋಳು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಊರಿನ ಒಂದು ಕಣ್ಣೂ ಬಾಕಿ ಇರಲಿಲ್ಲ; ಫೋನಿನಲ್ಲಿ ಸಾವಿನ ಸುದ್ದಿ ಕೇಳಿ ದಿಂಡಿಗಲ್ಲಿನಿಂದ ಹೂವಿನ ಹಾರ ಹಿಡಿದು ವ್ಯಾನಿನಲ್ಲಿ ಹೊರಟ ನೆಂಟರು ಮಾತ್ರ ದಾರಿಯಲ್ಲಿದ್ದರು. ಅವನು ಟವಲ್ಲಿಗಾಗಿ ಎದ್ದ. ಗೋವಿಂದಮ್ಮಾಳ್ ದಾರಿಗೆ ಅಡ್ಡ ನಿಂತಳು.

"ಮದುರೆಗೆ ಬತ್ತೀನಿ ಅಂದ್ಯಲ್ಲಾ ಮಾವಾ?"

"ಅದು ನೀನ್ ಸತ್ತೆ ಅಂತ ಅಂದದ್ದು."

"ಹೆಣದ್ ಮುಂದೆ ಆಡಿದ್ ಮಾತು ತಪ್ಪಂಗಿಲ್ಲ. ಹಾಡ್ನಲ್ಲಿ ಹೇಳಿದ್ರಂತೂ ತಪ್ಪಂಗೇ ಇಲ್ಲ."

"ಹೆಣ ಎಲ್ಲೈತೆ? ನೀನ್ ಮಾತಾಡ್ತಾ ನಿಂತಿದ್ದೀಯ!"

ಇದು ಸಣ್ಣ ವಿಷಯವಲ್ಲ. ಜನ ಎರಡು ಪಾಲಾದರು. ಹೆಣವಿಲ್ಲದ ಮೇಲೆ ಒಪ್ಪಾರಿ ಬರೀ ಬಾಯಿಮಾತು ಎಂದರು ಕೆಲವರು. ಅಳುವವನ ಮನಸ್ಸಿನಲ್ಲಿ ಹೆಣ ಇತ್ತಲ್ಲ, ಅಷ್ಟು ಸಾಕು ಎಂದರು ಹೆಂಗಸರು. ಯುವಶ್ರೀ ಮಾತು ಮಾತನ್ನೂ ಮೇಷ್ಟರಿಗೆ ತಮಿಳಿಗೆ ತಿರುಗಿಸಿ ಹೇಳುತ್ತಿದ್ದಳು. ಮೇಷ್ಟರು ಎರಡು ಪಾಲಿನವರಿಗೂ ತಲೆಯಾಡಿಸುತ್ತಿದ್ದರು. ಕೊನೆಗೆ ಎಲ್ಲರೂ ಕಾಮರಾಜನ ಕಡೆ ತಿರುಗಿದರು. ಸಾವಿನ ಕಟ್ಟಳೆಯಲ್ಲಿ ಅವನ ಮಾತೇ ಕೊನೆ.

ಕಾಮರಾಜ್ ಶಂಖದ ಬಾಯನ್ನು ಪಂಚೆಯಿಂದ ಒರೆಸಿದ. ಅವನಿಗೂ ತನ್ನ ಮರ್ಯಾದೆ ಉಳಿಸಿಕೊಳ್ಳಬೇಕಿತ್ತು.

"ನಾನ್ ಸಂಗು ಊದಿದ್ದೀನಿ. ಊದಿದ್ದು ಊದಿದ್ದೇ, ಅದನ್ನ ಒಳಕ್ಕೆ ಎಳ್ಕೊಳ್ಳಕ್ಕಾಗಲ್ಲ. ಸಂಗು ಕೂಗಿದ್ ಮೇಲೆ ಈ ಮನೇಲಿ ಆಡಿದ್ ಮಾತೆಲ್ಲಾ ಮಾತೇ. ಅಣ್ಣಾ ಮದುರೆಗೆ ಹೋಗ್ಬೇಕು." ಆಮೇಲೆ ಸೇರಿಸಿದ, "ನ್ಯಾಯ ಇಷ್ಟೇ. ಅಲ್ದೆ ಸಾವಿನ ಸುದ್ದಿ ಹುಸಿಯಾದ್ರೆ ಆಯಸ್ಸು ಗಟ್ಟಿ. ಇಬ್ಬರಿಗೂ ಸೇರಿಸಿ ಊದಿವ್ನಿ, ಅಂಗೇ ಇಟ್ಕೊಳ್ಳಿ."

"ನನ್ನ ಮುಖ ನೋಡೋ ಕಾಮರಾಜಾ" ಎಂದ ಅಳಗರ್ ಸೋತ ದನಿಯಲ್ಲಿ.

"ನೋಡ್ತಾನೇ ಇವ್ನಿ. ನಿಮ್ಮಪ್ಪನ ಮುಖ ಅಂಗಂಗೇ ಐತೆ. ಮೀಸೆ ಮರ್ಸಿತ್ತು."

"ನಮ್ಮಪ್ಪನ್ದಾ?" ಎಂದು ಕೇಳಿ ಅಳಗರ್ ತಂಗಿಯ ಕಡೆ ತಿರುಗಿದ. ತಂಗಮ್ಮಾಳ್ ಹತ್ತಿರ ಬಂದು, ಗದ್ದ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಹೂಂ ಅಣ್ಣಾ, ಅಪ್ಪನೇ. ಒಂದ್ ಮೂಗುಬೊಟ್ಟು ಹಾಕಿದ್ರೆ ಅವ್ವನೂ ಹೌದು" ಎಂದಳು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಳಗರ್ ಕೂಡ ನಕ್ಕ. ನಗುವಾಗ ಮೇಲ್ದುಟಿ ಅಷ್ಟು ದೂರ ಹೋಗುತ್ತದೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಸಾವಿನ ಮನೆಗೆ ತಂದ ಅಕ್ಕಿ ಬೇಳೆಯನ್ನು ತಿರುಗಿ ಒಯ್ಯುವ ಹಾಗಿಲ್ಲ. ಅಲ್ಲೇ ಒಲೆ ಹೂಡಿದರು. ದಿಂಡಿಗಲ್ಲಿನ ವ್ಯಾನು ಬಂತು. ಅದರಿಂದ ಅಳುತ್ತ ಇಳಿದವರಲ್ಲಿ ಯುವಶ್ರೀಯ ಅವ್ವನೂ ಇದ್ದಳು. ತಲೆಗೆ ಟವಲ್ಲು ಹಾಕಿಕೊಂಡು ಸಾರು ಬಡಿಸುತ್ತಿದ್ದ ಮೇಷ್ಟರನ್ನೂ ಎಲೆ ಹಾಕುತ್ತಿದ್ದ ಮಗಳನ್ನೂ ಕಂಡು, "ಇದೇನೇ ನಿನ್ನ ಓದು?" ಎಂದಳು. ಹಾರವನ್ನು ಏನು ಮಾಡುವುದೆಂದು ಚರ್ಚೆಯಾಗಿ, ಕಡೆಗೆ ಒಣಗಿದ ಬಳ್ಳಿಗೆ ಹಾಕಿಸಿದರು. ಹಾಡು ಅದಕ್ಕೆ ತಾನೇ ಹಾಡಿದ್ದು ಎಂದು ಗೋವಿಂದಮ್ಮಾಳ್ ಕೊನೆಯವರೆಗೂ ಸಾಧಿಸಿದಳು.

ಉಂಡಾದ ಮೇಲೆ ಮೇಷ್ಟರು ಅವಳ ಬಳಿ ಬಂದು ಕೂತರು. "ಅಮ್ಮಾ, ನಾನು ಸರಿಯಾಗಿ ತಿಳಿಯದೆ ಹೇಳಿಬಿಟ್ಟೆ. ತೊಂದರೆಯಾಯಿತು."

"ತೊಂದ್ರೆ ಏನಿಲ್ಲ ಸಾಮಿ. ನೀವೂ ಬೋ ಅತ್ರಿ. ಮನೇಲಿ ಯಾರಿಗಾರಾ ಹುಷಾರಿಲ್ವಾ?"

ಮೇಷ್ಟರು ಮೊದಲ ಸಲ ತಲೆಯಾಡಿಸಲಿಲ್ಲ. ತಮ್ಮ ಅಕ್ಕನಿಗೂ ಇದೇ ರೋಗವಿತ್ತು, ಹೋಗಿ ವರುಷವಾಯಿತು ಎಂದರು. ಗೋವಿಂದಮ್ಮಾಳ್ ಅವರ ಎಲೆಯ ಕಡೆ ನೋಡಿದಳು, ಅನ್ನ ಹಾಗೇ ಉಳಿದಿತ್ತು. "ಅವ್ರಿಗೆ ಯಾವ ಸಾರು ಇಷ್ಟ?" ಎಂದು ಕೇಳಿದಳು. ಮೇಷ್ಟರು ಹೇಳಲು ಶುರುಮಾಡಿದರು. ವ್ಯಾನಿನವರು ಹೊರಡುವವರೆಗೂ ಹೇಳುತ್ತಿದ್ದರು. ಯುವಶ್ರೀ ಫೋನು ಮುಟ್ಟಲಿಲ್ಲ.

ಬುಧವಾರ ಬೆಳಿಗ್ಗೆ ಅಳಗರ್ ಹೊಸಿಲು ದಾಟಿದ. ಬಸ್‌ಸ್ಟಾಂಡಿನಲ್ಲಿ ಯಾರೂ ಅವನ ಮುಖ ನೋಡಲಿಲ್ಲ. ನೋಡುವುದನ್ನೆಲ್ಲ ಹಿಂದಿನ ದಿನವೇ ನೋಡಿ ಮುಗಿಸಿದ್ದರು. ಮದುರೆಯ ಬಸ್ಸು ಬಂತು. ಸುದ್ದಿ ಬಸ್ಸಿನವರೆಗೂ ಹೋಗಿತ್ತು.

ಕಂಡಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ, "ಅಣ್ಣಾ, ನೆನ್ನೆ ಸತ್ತೋರಿಗೆ ಟಿಕೆಟ್ ಕೊಡ್ಬೇಕೋ, ಸುಮ್ನೆ ಕೂರ್ಸ್ಬೇಕೋ? ನಂಗೆ ರೂಲ್ಸ್ ಗೊತ್ತಿಲ್ಲ."

"ಎರಡು ಮದುರೆ ಹರಿ. ಹೋಗಿ ತಿರ್ಗಿ ಬರೋರ್ಗೆ" ಎಂದ ಅಳಗರ್.

ಕಿಟಕಿಯ ಪಕ್ಕ ಕೂತ. ಚಿನ್ನಮನೂರು ದಾಟಿದ ಮೇಲೆ ಬಯಲಿನ ಗಾಳಿ ನೇರವಾಗಿ ಮುಖಕ್ಕೆ ಹೊಡೆಯಿತು. ಅವನು ಮೂಗಿನ ಕೆಳಗೆ ಬೆರಳಾಡಿಸಿಕೊಂಡು ಬೆರಗಿನಿಂದ ಹೇಳಿದ:

"ಗೋಯಿಂದೀ, ಇಲ್ಲಿ ಗಾಳಿ ಇಷ್ಟು ತಣ್ಣಗೆ ತಗಲ್ತದೆ ಅಂತ ನಂಗ್ ಗೊತ್ತೇ ಇರ್ಲಿಲ್ಲ ಕಣೇ."

"ಸೀತ ಆಯ್ತದೆ. ಕಿಟಕಿ ಹಾಕು" ಎಂದಳು ಗೋವಿಂದಮ್ಮಾಳ್.